ತುಮಕೂರಿನ ಒಂದು ದಿನದ ತರಬೇತಿ: ಮಕ್ಕಳ ಮೇಲೆ ದೌರ್ಜನ್ಯ ಎಸಗುವವರು ಯಾರು?

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರ ಮನಸ್ಸು ಮತ್ತು ಹಿನ್ನೆಲೆಯನ್ನು ಕುರಿತು ಸ್ವಯಂಸೇವಾ ಸಂಸ್ಥೆಯೊಂದು ತುಮಕೂರಿನಲ್ಲಿ ಏರ್ಪಡಿಸಿದ್ದ ತರಬೇತಿಗೆ, ಗುಬ್ಬಿ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯಾದ ನಾನು 300 ರೂಪಾಯಿ ಶುಲ್ಕ ಕಟ್ಟಿ ಹೋಗಿದ್ದೆ. ಶುಲ್ಕಕ್ಕೆ ಮೋಸವಿಲ್ಲ.

ತರಬೇತಿ ನೀಡಿದ ಆಪ್ತಸಮಾಲೋಚಕಿಯವರು ಮೊದಲಿಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಇಂಥ ಅಪರಾಧಿ ಎಂದೊಡನೆ ಕಣ್ಣಮುಂದೆ ಬರುವವನು ಯಾರೆಂದು ಬರೆಸಿದರು. ಕುಡುಕ, ಪುಂಡ, ಹುಚ್ಚ, ಊರಿಗೆ ಹೊಸಬ ಎಂದೇ ಹೆಚ್ಚಿನವರು ಬರೆದಿದ್ದೆವು. ಮಾವ ಎಂದಾಗಲಿ ಮೇಷ್ಟ್ರು ಎಂದಾಗಲಿ ಒಂದು ಚೀಟಿಯಲ್ಲೂ ಇರಲಿಲ್ಲ. ಆಮೇಲೆ ಅವರು, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಂತೆ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳ ಪೈಕಿ ಶೇಕಡಾ 96ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಆಗಿದ್ದನೆಂದು ತಿಳಿಸಿದಾಗ ಯಾರಿಗೂ ಮಾತು ಹೊರಡಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್ಹಾರ್ 1984ರಲ್ಲಿ ಮುಂದಿಟ್ಟ ವಿವರಣೆಯನ್ನು ಅವರು ಹಲಗೆಯ ಮೇಲೆ, ಅಪರಾಧಿಯು ದೌರ್ಜನ್ಯ ಎಸಗುವ ಮೊದಲು ದಾಟುವ ನಾಲ್ಕು ಬಾಗಿಲುಗಳಾಗಿ ಬರೆದು ತೋರಿಸಿದ್ದು ಇಡೀ ದಿನದ ಸಾರ್ಥಕ ಭಾಗ. ಮೊದಲನೆಯದು ಪ್ರೇರಣೆ, ಎರಡನೆಯದು, ‘ಮಗುವಿಗೂ ಇಷ್ಟವಿತ್ತು’ ಎಂಬಂಥ ಸುಳ್ಳು ಸಮಾಧಾನದಿಂದಲೋ ಕುಡಿತದಿಂದಲೋ ತನ್ನೊಳಗಿನ ಅಳುಕನ್ನು ಮೀರುವುದು, ಮೂರನೆಯದು, ಮಗುವನ್ನು ಕಾಯುವವರ ಕಣ್ಣು ತಪ್ಪಿಸುವುದು ಅಥವಾ ಅವರ ನಂಬಿಕೆಯನ್ನೇ ಗಳಿಸುವುದು, ಕೊನೆಯದು, ಮಗುವಿನ ಪ್ರತಿರೋಧವನ್ನು ತಿಂಡಿ, ಉಡುಗೊರೆ, ಬೆದರಿಕೆಗಳಿಂದ ಅಡಗಿಸುವುದು. ಕುಡಿತವು ಮೂಲ ಕಾರಣವಲ್ಲ, ಎರಡನೆಯ ಬಾಗಿಲಿನ ಒಂದು ಕೀಲಿ ಮಾತ್ರ ಎಂಬುದು ‘ಕುಡುಕ’ ಎಂದು ಬರೆದಿದ್ದ ನನಗೆ ಆಗಲೇ ಹೊಳೆದದ್ದು. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರಲ್ಲಿ ಬಹುಪಾಲು ಜನ ಮುಂದೆ ಇಂಥ ಅಪರಾಧ ಮಾಡುವುದಿಲ್ಲ ಎಂದು ಅವರು ಎರಡೆರಡು ಬಾರಿ ಒತ್ತಿ ಹೇಳಿದರು. ನೊಂದ ಮಗುವನ್ನೇ ನಾಳಿನ ಅಪರಾಧಿಯೆಂಬಂತೆ ನೋಡುವ ಅನ್ಯಾಯವನ್ನು ನಾನು ಶಾಲೆಯಲ್ಲಿ ಕಂಡಿದ್ದೇನೆ.

ಸಾಮಾಜಿಕ ಹಿನ್ನೆಲೆಗೆ ಮಾತ್ರ ಅರ್ಧ ಗಂಟೆಯಷ್ಟೇ ಸಿಕ್ಕಿತು, ಇದು ದೊಡ್ಡ ಕೊರತೆ. ಮಾನ ಹೋದೀತೆಂದು ಮನೆಯವರು ಮುಚ್ಚಿಡುವುದು, ಊರ ಹಿರಿಯರು ರಾಜಿ ಮಾಡಿಸುವುದು, ಇವೇ ಆ ಮೂರನೆಯ ಬಾಗಿಲನ್ನು ತೆರೆದಿಡುತ್ತವೆಯಲ್ಲವೇ? ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆನ್ನುವ 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಮನ್ನು ಓದಿ ಮುಗಿಸಿದರೇ ಹೊರತು, ಊರೇ ಎದುರು ನಿಂತಾಗ ಶಿಕ್ಷಕಿಯೊಬ್ಬಳು ಅದನ್ನು ಪಾಲಿಸುವುದು ಹೇಗೆಂದು ಚರ್ಚಿಸಲಿಲ್ಲ.

ಕೈಪಿಡಿಯಂತೂ ಪೂರ್ತಿ ಇಂಗ್ಲಿಷಿನಲ್ಲಿತ್ತು. ನನ್ನ ಪಕ್ಕದಲ್ಲಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅದನ್ನು ಮಡಚಿ ಚೀಲಕ್ಕೆ ಹಾಕಿ, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಬಾಗಿಲು ಬರೆದುಕೊಂಡು, “ಮೇಡಂ, ಮೂರನೇದು ಇನ್ನೊಂದ್ಸಲ ಹೇಳಿ” ಎಂದರು.