ಎಲ್‌ಇಡಿ ಬಲ್ಬ್‌ಗೆ ಪೂರ್ತಿ ಮಾರ್ಕು, ಪ್ಯಾನೆಲ್ ಲೈಟ್‌ಗೆ ಅರ್ಧವೇ

ಟಂಗ್‌ಸ್ಟನ್ ಬಲ್ಬ್, ಸಿಎಫ್‌ಎಲ್, ಟ್ಯೂಬ್‌ಲೈಟ್ ಎಲ್ಲ ಬಳಸಿ ಮುಗಿಸಿ, ಈಗ ಹಲವು ವರ್ಷಗಳಿಂದ ಮನೆ ತುಂಬಾ ಎಲ್‌ಇಡಿ. ಬಲ್ಬ್ ಬಗ್ಗೆ ದೂರು ಕಡಿಮೆ. ಹಳೆಯ 60 ವ್ಯಾಟ್ ಬಲ್ಬ್ ಕೊಡುತ್ತಿದ್ದ ಸುಮಾರು 800 ಲುಮೆನ್ ಬೆಳಕನ್ನು ಇದು 9 ವ್ಯಾಟ್ ಆಸುಪಾಸಿನಲ್ಲೇ ಕೊಡುತ್ತದೆ. ಸಿಎಫ್‌ಎಲ್ ಪೂರ್ತಿ ಬೆಳಗಲು ಕಾಯಬೇಕಿತ್ತು, ಒಳಗೆ ಪಾದರಸ ಬೇರೆ. ಅದು ಹೋದದ್ದೇ ಒಳ್ಳೇದಾಯ್ತು.

ಹಳೆಯದಕ್ಕೆ ಬೇಡಿಕೆ ತಾನಾಗೇ ಇಳಿಯಿತು ಅಂದ್ಕೋಬೇಡಿ, ಕಾನೂನೂ ತಳ್ಳಿದೆ. ಯುರೋಪ್ ಒಕ್ಕೂಟ 2009ರಿಂದ ಟಂಗ್‌ಸ್ಟನ್ ಬಲ್ಬನ್ನು ಹಂತಹಂತವಾಗಿ ನಿಲ್ಲಿಸಿತು. 2018ರಲ್ಲಿ ಹ್ಯಾಲೊಜೆನ್ ಬಲ್ಬ್‌ಗಳ ಸರದಿ ಬಂತು. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು 2027ರೊಳಗೆ ಟ್ಯೂಬ್‌ಲೈಟ್ ತಯಾರಿಕೆಯನ್ನೂ ನಿಲ್ಲಿಸಲು ಒಪ್ಪಿವೆ.

ಡಬ್ಬಿಯ ಮೇಲಿನ 25,000 ಗಂಟೆ ಮಾತ್ರ ನಂಬಬೇಡಿ. ಆ ಲೆಕ್ಕ ಸಾಮಾನ್ಯವಾಗಿ ಎಲ್‌ಇಡಿ ಚಿಪ್‌ನದು, ಅದರ ಬೆಳಕು 70 ಶೇಕಡಾಕ್ಕೆ ಇಳಿಯುವವರೆಗೆ. ಅದಕ್ಕೂ ಮೊದಲೇ ಕೈಕೊಡುವುದು ಹೆಚ್ಚಾಗಿ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಚಿಪ್‌ಗೆ ಹೊಂದಿಸಿ ಕೊಡುವ ಸರ್ಕ್ಯೂಟ್. ಗಾಜಿನ ಮುಚ್ಚಿದ ಗುಂಡಿನೊಳಗೆ ಹಾಕಿದ್ದ ಒಂದು ಬಲ್ಬ್ ಬೇಗ ಕೆಟ್ಟಿತು. ಬಿಚ್ಚಿ ನೋಡಿದರೆ ಹಳದಿ ಚುಕ್ಕಿಗಳಂಥ ಚಿಪ್‌ಗಳೆಲ್ಲ ಸರಿಯಾಗಿಯೇ ಇವೆ, ಡ್ರೈವರ್‌ನ ಪುಟ್ಟ ಕೆಪಾಸಿಟರ್‌ನ ತಲೆ ಮಾತ್ರ ಉಬ್ಬಿದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಆಗುವುದೇ ಇದು.

ನನಗೆ ಸಿಟ್ಟು ಪ್ಯಾನೆಲ್ ಲೈಟ್ ಮೇಲೆ. ಬಲ್ಬ್ ವರ್ಷಗಟ್ಟಲೆ ಉರಿದರೆ ಜನ ಮತ್ತೆ ಅಂಗಡಿಗೆ ಬರೋದು ಯಾವಾಗ? 1924ರಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಫೀಬಸ್ ಅನ್ನೋ ಕೂಟ ಕಟ್ಟಿ, ಬಲ್ಬ್ ಆಯಸ್ಸನ್ನು 1,000 ಗಂಟೆಗೆ ಇಳಿಸಿದ್ದವು. ಈಗ ಅಂಥ ಕೂಟ ಬೇಕಿಲ್ಲ. ದೀಪವನ್ನೂ ಚೌಕಟ್ಟನ್ನೂ ಒಂದೇ ಮಾಡಿ ಮಾರಿದರಾಯ್ತು. ನನ್ನ ಹಾಲ್‌ನ ಪ್ಯಾನೆಲ್ ಮಿನುಗೋಕೆ ಶುರುವಾದಾಗ ಒಳಗಿನ ಭಾಗ ಸಿಗಲೇ ಇಲ್ಲ. ಇಡೀ ಪ್ಯಾನೆಲ್ ಕಿತ್ತು, ಸೀಲಿಂಗ್‌ನ ತೂತಿಗೆ ಸರಿಹೊಂದುವ ಅಳತೆ ಹುಡುಕಬೇಕಾಯ್ತು. ನೋಡೋಕೆ ಚೆಂದ ಅಂತ ಬೇಡಿಕೆ ಇದಕ್ಕೇ ಜಾಸ್ತಿ, ಏನ್ ಮಾಡೋದು!

ಆ್ಯಪ್‌ನಲ್ಲಿ ಬಣ್ಣ ಬದಲಿಸುವ ಬಲ್ಬೂ ಇದೆ. ಯಾರಾದರೂ ಗೋಡೆಯ ಸ್ವಿಚ್ ಆರಿಸಿದರೆ ಆ್ಯಪ್ ಸುಮ್ನೆ.

ಕೊಳ್ಳುವಾಗ ವ್ಯಾಟ್ ಬಿಟ್ಟು ಲುಮೆನ್ ನೋಡಿ. ಅಡುಗೆಮನೆ, ಕನ್ನಡಿ ಹತ್ತಿರಕ್ಕೆ ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನೋದಕ್ಕೆ 100ಕ್ಕೆ ಕೊಡುವ ಅಂಕ) 90 ಇರುವುದು ಹಾಕಿ, ಬಟ್ಟೆ, ತರಕಾರಿ, ಮುಖದ ಬಣ್ಣ ಸರಿಯಾಗಿ ಕಾಣುತ್ತದೆ. ಪ್ಯಾನೆಲ್ಲೇ ಬೇಕು ಅಂದ್ರೆ ಡ್ರೈವರ್ ಬೇರೆಯಾಗಿ ವೈರ್‌ನಲ್ಲಿ ನೇತಾಡುವಂಥದ್ದನ್ನು ಕೇಳಿ. ಕೆಟ್ಟರೆ ಅದೊಂದನ್ನೇ ಬದಲಿಸಬಹುದು.