ಥಂಡಿ ನೀರಾಗ ಈಜು ಕಲಸೋ ಬೆಳಗಾವಿ ಬ್ಯಾಚ್: ಕೊಟ್ಟ ರೊಕ್ಕಕ್ಕ ಮೋಸ ಇಲ್ಲ

ಬೆಳಗಾವ್ಯಾಗ ಪೂಲಿನ್ಯಾಗ ಈಜು ಕಲಸೋ ಕ್ಲಾಸ್ ಬೇಕಾದಷ್ಟು ಅದಾವ, ಆದ್ರ ಡಿಸೆಂಬರ್-ಜನವರಿ ಥಂಡ್ಯಾಗ ನಸುಕಿನ್ಯಾಗ ಗಾಡಿ ಮಾಡಿ, ಪರವಾನಗಿ ತಗೊಂಡು ಹಿಡಕಲ್ ಡ್ಯಾಮಿನ ಹಿನ್ನೀರಿಗೆ ಕರ್ಕೊಂಡು ಹೋಗಿ ಓಪನ್ ವಾಟರ್, ಅಂದ್ರ ಪೂಲ್ ಬಿಟ್ಟು ಬಯಲು ನೀರಾಗ ಈಜೂದು, ಕಲಸೋರು ಕಡಿಮಿ. ನಾನು ಮತ್ತ ನಮ್ಮ ತಂಗಿ ಮಗ ಅಂಥಾ ಒಂದು ಬ್ಯಾಚಿಗೆ ಸೇರೇವಿ. ಫೀ ಪೂಲ್ ಕ್ಲಾಸಿಗಿಂತ ಜಾಸ್ತಿ ಐತಿ ಖರೆ, ಆದ್ರ ಅದು ಎಲ್ಲಿಗೆ ಹೋಗ್ತೈತಿ ಅಂತ ಕಣ್ಣಿಗೆ ಕಾಣ್ತೈತಿ.

ಇವರು ಈಜೂದಕ್ಕ ಎಷ್ಟು ಲಕ್ಷ್ಯ ಕೊಡ್ತಾರೋ, ದಂಡಿಗೆ ಬಂದ ಮ್ಯಾಲಿನ ಅರ್ಧ ತಾಸಿಗೂ ಅಷ್ಟ ಲಕ್ಷ್ಯ ಕೊಡ್ತಾರ. ನೀರಿಂದ ಎದ್ದು ಬಂದ್ರ ಮುಗೀತು ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಿಲ್ರಿ, ಮ್ಯಾಲಿನ ಮೈಯಾಗಿನ ಥಂಡಿ ಒಳಗ ಇಳೀತಾನ ಇರ್ತೈತಿ, ಆಫ್ಟರ್‌ಡ್ರಾಪ್ ಅಂತಾರ ಅದಕ್ಕ, ನೀರಾಗ ಆರಾಮ್ ಇದ್ದಾಂವ ದಂಡಿ ಮ್ಯಾಲ ಹತ್ತು-ಹದಿನೈದು ನಿಮಿಷ ಬಿಟ್ಟು ಗಡಗಡ ನಡಗಾಕ ಹತ್ತತಾನ. ಅದಕ್ಕ ಇಲ್ಲಿ ಎದ್ದ ಕೂಡ್ಲೆ ಹಸಿ ಅರಿವಿ ಬಿಚ್ಚಸ್ತಾರ, ಒರಸ್ಕೊಂಡು ಒಣಾ ಅರಿವಿ, ಟೋಪಿ, ಸಾಕ್ಸ್, ಮ್ಯಾಲ ಒಂದು ಉಣ್ಣಿ ಕಂಬಳಿ. ಕಂಬಳಿ ಅವರ ಕೊಡ್ತಾರ, ಬರೇ ಟಾವೆಲ್ ಹೊದಕೊಂಡು ಗಾಳ್ಯಾಗ ನಿಂದ್ರೂದಕ್ಕೂ ಇದಕ್ಕೂ ಅಜಗಜಾಂತರ. ಆಮ್ಯಾಲ ಥರ್ಮಾಸಿನ್ಯಾಗಿಂದ ಬೆಲ್ಲದ ಚಹಾ. ಕೈಕಾಲು ಜೋರಾಗಿ ತಿಕ್ಕಾಕ ಬಿಡೂದಿಲ್ಲ, ಸೀದಾ ಬಿಸಿನೀರ ಜಳಕಕ್ಕ ಹೋಗಾಕೂ ಬಿಡೂದಿಲ್ಲ, ತಲಿ ತಿರಗಿ ಬೀಳ್ತಾರ ಅಂತ. ನಡುಕ ನಿಲ್ಲೂತನಾ ಯಾರಿಗೂ ಬೈಕ್ ಚಾವಿ ಕೊಡೂದಿಲ್ಲ! ಈ ಒಂದು ರೂಲ್ ಸಲುವಾಗಿ ನಾ ಪೂರಾ ಮಾರ್ಕ್ಸ್ ಕೊಡ್ತೀನಿ.

ಮದಲ ದಿನ ನೀರಿಗೆ ಇಳಸಲೇ ಇಲ್ಲ, ಕುಂದ್ರಿಸಿ ಹೇಳಿದ್ರು. ಮೈಯೊಳಗಿನ ಉಷ್ಣತೆ 37 ಡಿಗ್ರಿ ಆಸುಪಾಸು ಇರ್ತೈತಿ, 35ಕ್ಕಿಂತ ಕೆಳಗ ಬಂದ್ರ ಹೈಪೋಥರ್ಮಿಯಾ. ಗಾಳಿಗಿಂತ ನೀರು ಮೈಯಾಗಿನ ಕಾವು ಸುಮಾರು 25 ಪಟ್ಟು ಜೋರಾಗಿ ಎಳಕೊಂತೈತಿ. ಅದಕ್ಕೂ ಮದಲ ಇನ್ನೊಂದು ಐತಿ, ಭಾಳ ಥಂಡಿ ನೀರಿಗೆ ಧಡಕ್ಕನ ಜಿಗದ್ರ ಉಸಿರು ಕೈಗೆ ಸಿಗೂದಿಲ್ಲ, ಮದಲಿನ ಎರಡು ಮೂರು ನಿಮಿಷದಾಗ ನೀರು ಕುಡದು ಮುಳಗೋರು ಅದಾರ, ಅವರಿಗೆ ಹೈಪೋಥರ್ಮಿಯಾ ಆಗಾಕ ಟೈಮ ಸಿಗೂದಿಲ್ಲ. ಅದಕ್ಕ ಜಿಗ್ಯೂದು ಬಂದ್, ಮಕಾ ಕುತ್ತಿಗಿ ತೋಯಿಸ್ಕೊಂಡು ಸಾವಕಾಶ ಇಳೀಬೇಕು. ಮಾತು ತೊದಲೂದು, ಬೆರಳು ಕೂಡಸಾಕ ಬರದಂಗ ಆಗೂದು, ಕರದ್ರ ತಿಳೀಲಾರದಂಗ ನೋಡೂದು, ಇದರಾಗ ಒಂದು ಕಂಡ್ರೂ ಹೊರಗ. ನಡುಗೋ ಮನಷ್ಯಾ ಒಮ್ಮೆಲೆ ನಡಗೂದು ನಿಲ್ಲಿಸಿ ಮಂಕಾದ್ರ ಆರಾಮ್ ಆದಾ ಅಂತ ತಿಳೀಬ್ಯಾಡ್ರಿ, ಸೀದಾ ದವಾಖಾನಿ.

ನಮ್ಮ ಹುಡುಗಗ ಇಂಗ್ಲಿಷ್ ಚಾನೆಲ್ (ಇಂಗ್ಲೆಂಡ್-ಫ್ರಾನ್ಸ್ ನಡುವಿನ ಸಮುದ್ರ) ಈಜಿ ದಾಟೋ ಹುಚ್ಚು, 1959ರಾಗ ನಮ್ಮ ದೇಶದ ಈಜುಗಾರ್ತಿ ಆರತಿ ಸಾಹಾ ದಾಟಿದ್ದು ಬಾಯಿಪಾಠ ಐತಿ. ಕೋಚ್ ಸರ್ ಅವಂಗ ಆಸೆ ತೋರಿಸಿ ರೊಕ್ಕ ಕೀಳಲಿಲ್ಲ. "ನೋಡಪಾ, ಅಲ್ಲಿ ಸುಮಾರು 34 ಕಿಲೋಮೀಟರ್, ಮೈ ಬೆಚ್ಚಗಿಡೋ ವೆಟ್‌ಸೂಟ್ ಹಾಕ್ಕೊಳಾಕ ಬಿಡೂದಿಲ್ಲ, ಹೋಗೂಕಿಂತ ಮದಲ 16 ಡಿಗ್ರಿಗಿಂತ ಥಂಡಿ ನೀರಾಗ 6 ತಾಸು ಈಜಿ ತೋರಿಸಬೇಕು, ನಮ್ಮ ಹಿನ್ನೀರು ಅಷ್ಟು ಥಂಡಿ ಆಗೂದಿಲ್ಲ, ಇಲ್ಲಿ ನೀ ಕಲಿಯೂದು ಅಭ್ಯಾಸ ಅಷ್ಟ" ಅಂದ್ರು. ಹಂಗಂತ ನಮ್ಮ ನೀರು ಬೆಚ್ಚಗ ಐತಿ ಅಂತನೂ ಅಲ್ಲ, 20 ಡಿಗ್ರಿ ನೀರಾಗೂ ತಾಸುಗಟ್ಟಲೆ ಇದ್ರ, ಅದರಾಗೂ ತೆಳ್ಳಗಿನ ಹುಡುಗ್ರಿಗೆ, ಕಾವು ಇಳೀತೈತಿ.

ಕೊರತಿ ಅದಾವ. ಇಡೀ ಬ್ಯಾಚಿಗೆ ಒಂದ ಬೋಟು, ಇಬ್ಬರಿಗೆ ಒಮ್ಮೆ ತ್ರಾಸಾದ್ರ ಏನ್ ಮಾಡೂದು? ಹೆಣ್ಮಕ್ಕಳಿಗೆ ಅರಿವಿ ಬದಲಿ ಮಾಡಾಕ ಬರೇ ಸೀರಿ ಕಟ್ಟಿದ ಮರಿ, ಗಾಳಿ ಆರಪಾರ ಹೊಡೀತೈತಿ, ಹಸಿ ಮೈಯಾಗ ನಿಂತಾಗ ಆ ಗಾಳಿನ ಎಲ್ಲಾಕಿಂತ ಕೆಟ್ಟದ್ದು. ಒಂದು ಟೆಂಟ್ ತರಸ್ರಿ ಅಂತ ಹೇಳೇವಿ, ಮುಂದಿನ ಬ್ಯಾಚಿಗೆ ನೋಡೂಣು ಅಂದಾರ. ಸೊಂಟಕ್ಕ ಕಟ್ಟೋ ಬಣ್ಣದ ಫ್ಲೋಟಿಗೆ ಬ್ಯಾರೆ ಬಾಡಿಗಿ ತಗೋತಾರ, ಅದು ಫೀಯಾಗ ಸೇರಬೇಕಿತ್ತು.

5ಕ್ಕ 4 ಸ್ಟಾರ್. ಸೇರೋರು ಬಿಪಿ, ಹಾರ್ಟ್ ತ್ರಾಸ ಇದ್ರ ಮದಲ ಡಾಕ್ಟರ್‌ಗೆ ತೋರಿಸಿ ಬರ್ರಿ, ಮತ್ತ ಗುಂಡಿ ಜಾಸ್ತಿ ಇರೋ ಅಂಗಿ ತರಬ್ಯಾಡ್ರಿ, ಮರಗಟ್ಟಿದ ಬೆರಳಿಗೆ ಗುಂಡಿ ಹತ್ತೂದಿಲ್ಲ.