ವೀಕೆಂಡ್ ತಿರುಗಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ಟೋ, ರಾತ್ರಿ ಬಸ್ಸೋ, ಕಾರ್‌ಪೂಲೋ?

ಓದೋಕೆ ಅಂತ ಜರ್ಮನಿಯ ಕಾರ್ಲ್ಸ್‌ರೂಹೆಗೆ ಬಂದು ನನಗಿದು ಮೂರನೇ ಸೆಮಿಸ್ಟರ್. ಹೊಸದಾಗಿ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ರೂಮು ಸಿಕ್ಕ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಶನಿವಾರ ಭಾನುವಾರ ಊರು ನೋಡೋಕೆ ಯಾವುದರಲ್ಲಿ ಹೋದ್ರೆ ಕಡಿಮೆಗೆ ಆಗುತ್ತೆ?" ಮೂರರಲ್ಲೂ ನನ್ನ ದುಡ್ಡು ಹಾಕಿ ಓಡಾಡಿದ್ದೇನೆ. ಡಾಯ್ಚ್‌ಲಾಂಡ್ ಟಿಕೆಟ್ ತಗೊಳ್ಳಿ ಅಂತ ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಬಸ್ಸನ್ನು ನಂಬಿ ಒಂದು ಪ್ರ್ಯಾಕ್ಟಿಕಲ್ ಕಳೆದುಕೊಂಡವಳ ಮಾತಿದು.

ತಿಂಗಳಿಗೊಮ್ಮೆ ದುಡ್ಡು ಕಟ್ಟುವ ಈ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಓದೋಕೆ ಬಂದವಳು, ವಯಸ್ಸಿನ ರಿಯಾಯಿತಿ ನನಗಿಲ್ಲ, ಪೂರ್ತಿ ದುಡ್ಡು ಕಟ್ಟುತ್ತೇನೆ. ವೀಸಾಕ್ಕೆ ಅಂತ ಮೊದಲೇ ದುಡ್ಡು ತುಂಬಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ದಿನಸಿ ಕಳೆದರೆ ಉಳಿಯುವುದು ಸ್ವಲ್ಪವೇ. ಆದರೆ ದಿನಾ ಕ್ಲಾಸಿಗೆ ಹೋಗಿಬರಲು ಟ್ರಾಮ್ ಪಾಸ್ ಹೇಗೂ ಬೇಕು. ಅದೇ ಟಿಕೆಟ್ಟಿನಲ್ಲಿ ಇಡೀ ದೇಶದ ರೀಜನಲ್ ರೈಲು, ಎಸ್-ಬಾನ್ ಅನ್ನುವ ಉಪನಗರ ರೈಲು, ಟ್ರಾಮ್, ಸಿಟಿ ಬಸ್ಸು ಎಲ್ಲ ಹತ್ತಬಹುದು. ಹಾಗಾಗಿ ಶನಿವಾರ ಎಲ್ಲಿಗೆ ಹೋದರೂ ಜೇಬಿನಿಂದ ಹೊಸದಾಗಿ ಒಂದು ಸೆಂಟೂ ಹೋಗುವುದಿಲ್ಲ. ಬೆಳಗ್ಗೆ ಎದ್ದು ಕಿಟಕಿ ತೆಗೆದು, ಮೋಡ ಇದ್ದರೆ ಮತ್ತೆ ಮಲಗಬಹುದು. ಬಿಸಿಲಿದ್ದರೆ ಅರ್ಧ ಗಂಟೆಯಲ್ಲಿ ಸ್ಟೇಷನ್ನಿನಲ್ಲಿರಬಹುದು. ನನಗೆ ಇದೇ ದೊಡ್ಡದು.

ಮೊದಲ ಸಲ ಹೀಗೆ ಹೊರಟಿದ್ದು ಬೋಡೆನ್ ಸರೋವರದ ದಡದ ಕೊನ್‌ಸ್ಟಾನ್ಸ್‌ಗೆ. ಕಾರ್ಲ್ಸ್‌ರೂಹೆಯಿಂದ ನೇರ ರೈಲು, ಸುಮಾರು ಮೂರು ಗಂಟೆ. ಆಫೆನ್‌ಬುರ್ಗ್ ದಾಟಿದ ಮೇಲೆ ರೈಲು ಕಪ್ಪು ಕಾಡಿನ ಬೆಟ್ಟ ಹತ್ತುತ್ತದೆ. ಎಂಜಿನಿಯರ್ ರಾಬರ್ಟ್ ಗೆರ್ವಿಗ್ ಹಾಕಿದ ಈ ದಾರಿ 1873ರಲ್ಲಿ ಮುಗಿಯಿತು, ಒಟ್ಟು 39 ಸುರಂಗ. ಕಡಿದಾದ ಜಾಗದಲ್ಲಿ ನೇರವಾಗಿ ಏರಿಸಲಾಗದೆ ಹಳಿಯನ್ನೇ ಬೆಟ್ಟದ ಮೈಮೇಲೆ ಸುತ್ತಿಸಿದ್ದಾರೆ. ಹೊರ್ನ್‌ಬೆರ್ಗ್ ಆದಮೇಲೆ ಒಂದು ಸುರಂಗದಿಂದ ಹೊರಬಂದಾಗ ಸ್ವಲ್ಪ ಹೊತ್ತಿನ ಹಿಂದೆ ನಾವು ಬಂದ ಹಳಿ ಕೆಳಗೆ, ಮರಗಳ ಸಂದಿಯಲ್ಲಿ ಕಾಣಿಸಿತು. ಮತ್ತೆ ಕತ್ತಲು, ಮತ್ತೆ ಬೆಳಕು. ಮಡಿಲಲ್ಲಿ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು, ಮುಚ್ಚಳ ತೆಗೆದವಳು ತಿನ್ನುವುದನ್ನೇ ಮರೆತು ಕೂತಿದ್ದೆ. ನಾನು ಹಾಸನದವಳು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಘಾಟಿಯಲ್ಲಿ 57 ಸುರಂಗ ಎಣಿಸುತ್ತಾ ಬೆಳೆದವರಿಗೆ ಆ ಮೂರು ಗಂಟೆ ಏನು ಮಾಡುತ್ತದೆ ಅಂತ ಬೇರೆಯವರಿಗೆ ವಿವರಿಸುವುದು ಕಷ್ಟ. ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ಎಡಕುಮೇರಿ ಥರಾನೇ ಇದೆಯಲ್ಲೇ" ಅಂದಳು. ಅಷ್ಟರಲ್ಲಿ ಮುಂದಿನ ಸುರಂಗ ಬಂದು ಕಾಲ್ ಕಟ್ಟಾಯಿತು.

ಈಗ ಬಸ್ಸು.

ಪ್ಯಾರಿಸ್‌ಗೆ ಹೋಗಿಬರಲು 38 ಯೂರೋ ಅಂತ ಆ್ಯಪ್‌ನಲ್ಲಿ ಕಂಡಾಗ ಬುಕ್ ಮಾಡದೆ ಇರಲಾಗಲಿಲ್ಲ. ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್ಸು, ಎರಡು ರಾತ್ರಿ ಬಸ್ಸಿನಲ್ಲೇ ಕಳೆದರೆ ಹಾಸ್ಟೆಲ್ ಖರ್ಚು ಒಂದೇ ರಾತ್ರಿಯದ್ದು ಅನ್ನುವುದು ನನ್ನ ಲೆಕ್ಕ. ಹೋಗುವಾಗ ಏನೂ ತೊಂದರೆ ಆಗಲಿಲ್ಲ. ವಾಪಸ್ ಬಸ್ಸು ರಾತ್ರಿ ಹತ್ತೂವರೆಗೆ ಬಿಟ್ಟು ಬೆಳಗ್ಗೆ 5.50ಕ್ಕೆ ಕಾರ್ಲ್ಸ್‌ರೂಹೆ ಸೇರಬೇಕಿತ್ತು. ಎಂಟಕ್ಕೆ ಪ್ರ್ಯಾಕ್ಟಿಕಲ್. ಎರಡು ಗಂಟೆ ಸಮಯ ಇದೆಯಲ್ಲ ಅಂತ ನೆಮ್ಮದಿಯಾಗಿ ಮಲಗಿದೆ.

ರೈನ್ ನದಿ ದಾಟಿ ಜರ್ಮನಿಯೊಳಗೆ ಬಂದ ಮೇಲೆ ಬಸ್ಸು ಪಕ್ಕಕ್ಕೆ ನಿಂತಿತು. ದೀಪಗಳೆಲ್ಲ ಹತ್ತಿದವು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಸುತ್ತಿದೆ. ಯುರೋಪಿನ ದೇಶಗಳ ಷೆಂಗೆನ್ ಒಪ್ಪಂದ ಅಂದರೆ ಗಡಿಯೇ ಇಲ್ಲ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿರುತ್ತೇವೆ, ನಾನೂ ಹಾಗೇ ಅಂದುಕೊಂಡಿದ್ದೆ. ಪೊಲೀಸರು ಸೀಟು ಸೀಟಿಗೂ ಬಂದು ಕಾಗದ ಕೇಳಿದರು. ನನ್ನ ಪರ್ಸಿನಲ್ಲಿದ್ದದ್ದು ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಮಾತ್ರ. ಪಾಸ್‌ಪೋರ್ಟ್ ಕಳೆದುಹೋದೀತು ಅನ್ನುವ ಭಯಕ್ಕೆ ರೂಮಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಗಡಿ ದಾಟುವಾಗ ಕಾರ್ಡಿನ ಜೊತೆ ಪಾಸ್‌ಪೋರ್ಟೂ ಇರಲೇಬೇಕು. ಕೆಳಗಿಳಿಸಿದರು. ನನ್ನ ಜೊತೆ ಇನ್ನೂ ಇಬ್ಬರು. ಫೋನಿನಲ್ಲಿದ್ದ ಪಾಸ್‌ಪೋರ್ಟ್ ಫೋಟೋ ತೋರಿಸಿದೆ. ಕಾರ್ಡ್ ತಗೊಂಡು ವ್ಯಾನಿನೊಳಗೆ ಹೋದ ಪೊಲೀಸ್ ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ನವೆಂಬರ್ ಚಳಿ, ಜಾಕೆಟ್ ಮೇಲಿನ ಶೆಲ್ಫಿನಲ್ಲೇ ಉಳಿದಿತ್ತು. ಬಸ್ಸಿನ ಗಾಜಿನ ಹಿಂದೆ ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದ ಮುಖಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಕೊನೆಗೆ "ಇನ್ನು ಮುಂದೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ" ಅಂತ ಹೇಳಿ ಬಿಟ್ಟರು, ಮಾತು ಮರ್ಯಾದೆಯಾಗೇ ಇತ್ತು. ಇನ್ನೊಬ್ಬರ ಕಾಗದ ಸರಿಹೋಗದೆ ಬಸ್ಸು ಮತ್ತೂ ಒಂದು ಗಂಟೆ ಅಲ್ಲೇ ನಿಂತಿತು.

ಕಾರ್ಲ್ಸ್‌ರೂಹೆ ಸೇರಿದ್ದು 8.25ಕ್ಕೆ. ಚೀಲ ಹೊತ್ತುಕೊಂಡೇ ಲ್ಯಾಬಿಗೆ ಓಡಿದೆ. ನಮ್ಮಲ್ಲಿ ಮೊದಲ ಹತ್ತು ನಿಮಿಷ ಸುರಕ್ಷತೆಯ ಸೂಚನೆ ಹೇಳುತ್ತಾರೆ, ಅದನ್ನು ಕೇಳದವರನ್ನು ಆ ದಿನ ಪ್ರಯೋಗಕ್ಕೆ ಬಿಡುವುದಿಲ್ಲ. ನಿಯಮ ಸರಿಯಾದದ್ದೇ, ಆಸಿಡ್ ಹಿಡಿಯುವ ಕೆಲಸ. ಆದರೆ ಆ ಒಂದು ಪ್ರಯೋಗಕ್ಕೆ ಮುಂದಿನ ಸೆಮಿಸ್ಟರಿನವರೆಗೂ ಕಾಯಬೇಕಾಯಿತು. ಬಸ್ ಕಂಪನಿಗೆ ಬರೆದೆ. ಗಡಿ ತಪಾಸಣೆಯಿಂದಾದ ತಡಕ್ಕೆ ಹಣ ವಾಪಸ್ ಇಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಪಾಸ್‌ಪೋರ್ಟ್ ಮರೆತದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ನನ್ನ ಹತ್ತಿರ ಎಲ್ಲ ಕಾಗದ ಇದ್ದಿದ್ದರೂ ಆ ಇನ್ನೊಬ್ಬರಿಗಾಗಿ ಬಸ್ಸು ನಿಲ್ಲುತ್ತಿತ್ತು, ನಾನು ಅದರೊಳಗೇ ಕೂತಿರಬೇಕಿತ್ತು. ಭಾನುವಾರ ರಾತ್ರಿ ಗಡಿ ದಾಟುವ ಬಸ್ಸು ಬೇಡ ಅನ್ನುವುದು ಇದಕ್ಕೇ.

ಕಾರ್‌ಪೂಲ್ ಎರಡು ಸಲ ಬಳಸಿದೆ. ಫ್ರೈಬುರ್ಗ್‌ಗೆ 9 ಯೂರೋ. ಕಾರು ಓಡಿಸುತ್ತಿದ್ದ ವಯಸ್ಸಾದ ಹೆಂಗಸು ದಾರಿಯುದ್ದಕ್ಕೂ ನನ್ನ ಜರ್ಮನ್ ತಿದ್ದುತ್ತಾ, ಎಲ್ಲಿ ಒಳ್ಳೆಯ ಬ್ರೆಡ್ ಸಿಗುತ್ತೆ ಅಂತ ಹೇಳುತ್ತಾ ಬಂದರು. ಭಾಷೆ ಕಲಿಯೋಕೆ ಅದಕ್ಕಿಂತ ಒಳ್ಳೆಯ ಒಂದೂವರೆ ಗಂಟೆ ಸಿಗಲಾರದು. ಎರಡನೇ ಸಲ ಶನಿವಾರ ಬೆಳಗ್ಗೆ ಆರೂವರೆಗೆ ರೈಡ್ ಕ್ಯಾನ್ಸಲ್ ಆಯಿತು. ಟಿಕೆಟ್ ಜೇಬಿನಲ್ಲೇ ಇತ್ತಲ್ಲ, ರೈಲು ಹತ್ತಿದೆ.

ವೇಗದ ರೈಲಿನ ಅಗ್ಗದ ಟಿಕೆಟ್ ಚೆನ್ನಾಗಿದೆ, ಆದರೆ ವಾರಗಳ ಮುಂಚೆ ಬುಕ್ ಮಾಡಬೇಕು ಮತ್ತು ಆ ಒಂದೇ ರೈಲಿಗೆ ಕಟ್ಟುಬೀಳಬೇಕು.

ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲೂ ಕೊರತೆಗಳಿವೆ. ರೀಜನಲ್ ರೈಲು ತಡವಾಗುತ್ತದೆ. ಒಂದು ಗಂಟೆಗಿಂತ ತಡವಾದರೆ ಸಿಗುವ ಪರಿಹಾರ ಒಂದೂವರೆ ಯೂರೋ, 4 ಯೂರೋಗಿಂತ ಕಡಿಮೆ ಮೊತ್ತ ಕೊಡುವುದಿಲ್ಲ, ಹಾಗಾಗಿ ಮೂರು ತಡಗಳನ್ನು ಒಟ್ಟುಮಾಡಿ ಕೇಳಬೇಕು. ಊರಿಗೆ ಹೋಗುವ ತಿಂಗಳು ನಿಲ್ಲಿಸಬೇಕಾದರೆ ಅದರ ಹಿಂದಿನ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿ. ಟಿಕೆಟ್ ನಿಮ್ಮ ಹೆಸರಿಗಷ್ಟೇ, ಗೆಳತಿಗೆ ಕೊಡಲಾಗದು.

ವಿದೇಶ ನೋಡುವ ಆಸೆಗೂ ಇದರಲ್ಲಿ ದಾರಿ ಇದೆ. ಗಡಿ ಊರು ಕೇಲ್‌ವರೆಗೆ ಇದೇ ಟಿಕೆಟ್ ನಡೆಯುತ್ತದೆ. ಅಲ್ಲಿಂದ ರೈನ್ ಮೇಲಿನ ಕಾಲ್ಸೇತುವೆ ದಾಟಿದರೆ ಫ್ರಾನ್ಸ್. ಸ್ಟ್ರಾಸ್‌ಬರ್ಗ್ ಪೇಟೆಯವರೆಗೆ ಹೋಗುವ ಟ್ರಾಮಿಗೆ ಬೇರೆ ಟಿಕೆಟ್ ತಗೊಳ್ಳಬೇಕು, ಅಷ್ಟೇ. ಈಗ ನನ್ನ ಪಾಸ್‌ಪೋರ್ಟ್ ಚೀಲದ ಒಳಜಿಪ್ಪಿನಲ್ಲೇ ಇರುತ್ತದೆ.

ಬೇಗ ಏಳುವವಳು ನಾನು, ಭಾನುವಾರ ಸಂಜೆ ನನ್ನ ಹಾಸಿಗೆಯಲ್ಲೇ ಮಲಗಬೇಕು ಅನ್ನುವವಳು. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಶುಕ್ರವಾರವೇ ತರಕಾರಿ ತಂದಿಟ್ಟು, ಶನಿವಾರ ಬೆಳಗ್ಗೆ ಡಬ್ಬಿ ಕಟ್ಟಿ ಹೊರಡುತ್ತೇನೆ. ಈ ವಾರ ಫ್ರಾಯ್ಡನ್‌ಶ್ಟಾಟ್. ಊರೊಳಗೆ ಟ್ರಾಮಾಗಿ ಓಡುವ ಗಾಡಿಯೇ ಮುಂದೆ ರೈಲು ಹಳಿಗೆ ಹೋಗಿ ಕಾಡಿನೊಳಗೆ ಕರೆದೊಯ್ಯುತ್ತದೆ, ಬದಲಿಸುವ ಗೋಜಿಲ್ಲ. ಪ್ಯಾರಿಸ್ ಇನ್ನೊಮ್ಮೆ ನೋಡಲೇಬೇಕು. ಪರೀಕ್ಷೆ ಮುಗಿದ ಮೇಲೆ, ಮರುದಿನ ಯಾವ ಕ್ಲಾಸೂ ಇಲ್ಲದ ಹೊತ್ತಿನಲ್ಲಿ. ಆಗ ಬಸ್ಸಾದರೂ ಅಡ್ಡಿಯಿಲ್ಲ.